ಮಾಬವ್ವನ ಗಾಯ ಒಣಗುವ ತನಕ

ನಮ್ಮೂರಿಗೆ ಹೊಸದಾಗಿ ಬಂದವರಿಗೆ ಮೊದಲು ಕೇಳಿಸುವುದು ಕೆಮ್ಮು. ಪ್ರತಿ ಓಣಿಯ ತಿರುವಿನಲ್ಲೂ ಯಾರಾದರೊಬ್ಬರು ಕೆಮ್ಮುತ್ತಿರುತ್ತಾರೆ. ಹಿಂದೊಮ್ಮೆ ಆಸ್ಪತ್ರೆಗೆ ವರ್ಗವಾಗಿ ಬಂದ ಡಾಕ್ಟರೊಬ್ಬರು ಊರಿಗೆ ಊರೇ ಕ್ಷಯದಿಂದ ನರಳುತ್ತಿದೆಯೆಂದು ಮೇಲಿನವರಿಗೆ ಕಾಗದ ಬರೆದು, ಕಫ ಪರೀಕ್ಷೆಗೆಂದು ಮುನ್ನೂರು ಪ್ಲಾಸ್ಟಿಕ್ ಡಬ್ಬಿ ತರಿಸಿದ್ದರು. ಡಬ್ಬಿಗಳು ಬಂದ ವಾರವೇ ಅವರು ಒಂದು ಸಂಜೆ ಕೆಮ್ಮದೆ ತಿರುವು ದಾಟಿದರು. ಎದುರಿಗೆ ನಿಂತಿದ್ದುದನ್ನು ನೋಡಿದ ಮೇಲೆ ಊರಿನ ಎಲ್ಲರಿಗಿಂತ ಜೋರಾಗಿ ಕೆಮ್ಮತೊಡಗಿದರು. ಡಬ್ಬಿಗಳನ್ನು ಹೆಂಗಸರು ಹಂಚಿಕೊಂಡು ಸಾಸಿವೆ, ಜೀರಿಗೆ ತುಂಬಿಟ್ಟರು.

ಊರಿನ ಮೂಡಣಕ್ಕೆ ಗುಡ್ಡವಿದೆ. ಮನೆಯಷ್ಟೆತ್ತರದ ಗುಂಡುಗಳನ್ನು ಒಂದರ ಮೇಲೊಂದು ಒಟ್ಟಿ, ಒಟ್ಟಿದವರು ಊಟಕ್ಕೆ ಎದ್ದುಹೋದಂತೆ ಕಾಣುವ ಗುಡ್ಡ. ಅದರ ಗವಿಗಳಲ್ಲಿ ಕರಡಿಗಳಿವೆ. ಹೊತ್ತು ಇಳಿಯುತ್ತಲೇ ಅವು ಇಳಿದು ಬಂದು ಓಣಿಗಳಲ್ಲಿ ಅಡ್ಡಾಡುತ್ತವೆ, ಕೆಮ್ಮು ಕೇಳಿದರೆ ಸರಿದು ದಾರಿ ಬಿಡುತ್ತವೆ, ಬೇಲಿಯ ಸೀತಾಫಲ ತಿನ್ನುತ್ತವೆ, ಬಾಗಿಲ ಚೌಕಟ್ಟಿಗೆ ಹತ್ತಿದ ಗೆದ್ದಲನ್ನು ಮೂತಿಯಿಟ್ಟು ಹೀರುತ್ತವೆ. ಮದುವೆಯಾಗಿ ಬಂದ ಸೊಸೆಯಂದಿರು ಮೊದಲ ವಾರ ಆ ಹೀರುವ ಸದ್ದಿಗೆ ಅಳುತ್ತಾರೆ. ಮೂರನೆಯ ವಾರದ ಹೊತ್ತಿಗೆ ಒಳಗಿನಿಂದಲೇ ಕದ ಬಡಿದು, "ಮ್ಯಾಲಿನ ಮೂಲಿ ಬಿಟ್ಟಿ ನೋಡು" ಎಂದು ಅದಕ್ಕೆ ಕೆಲಸ ಹೇಳುತ್ತಾರೆ.

ಈ ಕರಡಿಗಳು ಇರಬೇಕೋ ಹೋಗಬೇಕೋ ಎನ್ನುವುದನ್ನು ತೀರ್ಮಾನಿಸುವ ಹಕ್ಕು ಪಂಚಾಯಿತಿಗಿಲ್ಲ. ಕೊನೆಯದಾಗಿ ಯಾರಿಗೆ ಕರಡಿಯಿಂದ ಗಾಯವಾಯಿತೋ ಅವರಿಗಿದೆ. ಗಾಯದ ಹಕ್ಕಳೆ ಪೂರ್ತಿ ಉದುರುವುದರೊಳಗೆ ಅವರು ಗುಡ್ಡಕ್ಕೆ ಮುಖ ಮಾಡಿ ನಿಂತು 'ಇರಲಿ' ಅನ್ನಬೇಕು, ಇಲ್ಲವೇ 'ಹೋಗಲಿ' ಅನ್ನಬೇಕು. ಹೋಗಲಿ ಅಂದರೆ ಹೋಗುತ್ತವೆ. ಹೊಳೆಯಾಚೆಯ ಊರಿನಲ್ಲಿ ಹನ್ನೆರಡು ವರ್ಷದ ಹಿಂದೆ ಒಬ್ಬ ಕಮ್ಮಾರ ಹೋಗಲಿ ಅಂದ. ಮರುದಿನ ಬೆಳಗ್ಗೆ ಅಲ್ಲಿಯ ಕರಡಿಗಳೆಲ್ಲ ಸಾಲಾಗಿ, ಮರಿಗಳನ್ನು ಬೆನ್ನಿಗೆ ಹಾಕಿಕೊಂಡು, ನೀರು ಕಡಿಮೆಯಿದ್ದ ಕಡೆ ಹೊಳೆ ದಾಟಿ ನಮ್ಮ ಗುಡ್ಡ ಹತ್ತಿದವು. ಆಚೆಯವರು ನಮಗೆ ಒಂದು ಹಂಡೆ ಗೋಧಿ ಹುಗ್ಗಿ ಕಳಿಸಿದರು. ಅವರು ಈಗ ಹೇಗಿದ್ದಾರೆಂದು ಕೇಳಿದರೆ, ಚೆನ್ನಾಗಿಯೇ ಇದ್ದಾರೆ. ಕತ್ತಲಲ್ಲೂ ಕೆಮ್ಮದೆ ನಡೆಯುತ್ತಾರೆ, ವರ್ಷಕ್ಕೊಮ್ಮೆ ಬಾಗಿಲುಗಳಿಗೆ ಗೆದ್ದಲ ಔಷಧಿ ಬಳಿಯುತ್ತಾರೆ, ಜಗಳವಾಡುವುದಕ್ಕೆ ಬೀದಿನಾಯಿಗಳ ವಿಷಯ ಇಟ್ಟುಕೊಂಡಿದ್ದಾರೆ.

ನಮ್ಮ ಕಡೆ, ನನಗೆ ತಿಳಿದಂತೆ, ಏಳು ಜನ ಗಾಯಗೊಂಡಿದ್ದರು. ಏಳೂ ಜನ ಇರಲಿ ಅಂದಿದ್ದರು. ಅವರಲ್ಲಿ ಒಬ್ಬ, ಅವನ ಅಣ್ಣ "ಹೋಗಲಿ ಅನ್ನು" ಅಂದನೆಂಬ ಒಂದೇ ಕಾರಣಕ್ಕೆ ಇರಲಿ ಅಂದ. ಎಂಟನೆಯವಳು ಮಾಬವ್ವ.

ಮಾಬವ್ವ ಪಿಂಜಾರರವಳು. ಹತ್ತಿ ಹಿಂಜಿ ಗಾದಿ ತುಂಬುವುದು, ಹಳೆಯ ಗಾದಿ ಬಿಚ್ಚಿ ಗಂಟುಗಟ್ಟಿದ ಹತ್ತಿಯನ್ನು ಬಿಸಿಲಿಗೆ ಹರಡಿ ಮತ್ತೆ ಹಿಂಜುವುದು ಅವಳ ಕೆಲಸ. ಊರಿನಲ್ಲಿ ಯಾರೇ ಮಲಗಲಿ, ಅವಳು ದಬ್ಬಣ ಹಾಕಿದ ಗಾದಿಯ ಮೇಲೆಯೇ ಮಲಗಬೇಕು. ಗಂಡ ಇಮಾಮಸಾಬ ಎದೆಯೊಳಗೆ ಹತ್ತಿಯ ಧೂಳು ಕೂತು ಆರು ವರ್ಷದ ಹಿಂದೆ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಗುಡ್ಡದ ಬುಡದ ಬಂಡೆಕೇರಿಯಲ್ಲಿ ಮೂವತ್ತು ಮನೆಗಳಿವೆ. ಅದರಲ್ಲಿ ಕಡೆಯ ಮನೆ ಅವಳದು. ಅಲ್ಲಿಂದ ಒಳಗೆ ನಾಲ್ಕನೆಯದು ನನ್ನದು. ನಾನು ಊರಿನ ಆಸ್ಪತ್ರೆಯಲ್ಲಿ ಡ್ರೆಸ್ಸರ್. ಹೆಸರು ಯಮನೂರಪ್ಪ. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಹೊಲಿಗೆ ಬಿಚ್ಚುವುದು, ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ.

ಬಂಡೆಕೇರಿಯಲ್ಲಿ ಇನ್ನೊಂದು ಪದ್ಧತಿಯಿದೆ. ಯಾರಾದರೂ ಕರಡಿ ಕಂಡು ಕೂಗಿಕೊಂಡರೆ ಒಂದು ಮನೆಯಲ್ಲಿ ಊಟದ ತಾಟು ಬಡಿಯುತ್ತಾರೆ, ಅದನ್ನು ಕೇಳಿ ಪಕ್ಕದ ಮನೆಯವರು, ಅದನ್ನು ಕೇಳಿ ಅದರಾಚೆಯವರು. ಮೂವತ್ತು ತಾಟಿನ ಸದ್ದಿಗೆ ಯಾವ ಕರಡಿಯೂ ನಿಲ್ಲುವುದಿಲ್ಲ. ಮೊದಲನೆಯ ತಾಟು ಯಾರು ಬಡಿಯಬೇಕೆಂದು ಯಾರೂ ಗೊತ್ತು ಮಾಡಿರಲಿಲ್ಲ. ಹಾಗೆ ಗೊತ್ತು ಮಾಡಿಲ್ಲವೆಂಬುದೂ ನಮಗೆ ಗೊತ್ತಿರಲಿಲ್ಲ.

ಅವತ್ತು ಚಳಿಗಾಲದ ಬೆಳಗ್ಗೆ ಏಳೂವರೆ. ಮಾಬವ್ವ ಹಿಂದಿನ ದಿನ ಮನೆಯ ಹಿಂದಿನ ಹಾಸುಬಂಡೆಯ ಮೇಲೆ ಎರಡು ಗಾದಿಯ ಹತ್ತಿ ಹರಡಿ, ಸಂಜೆ ಎತ್ತದೆ ಹಾಗೇ ಬಿಟ್ಟಿದ್ದಳು. ಬೆಳಗ್ಗೆ ಹೋಗಿ ಮಗುಚಿ ಹಾಕಲೆಂದು ಒಂದು ಕಡೆಯಿಂದ ಹತ್ತಿ ಎತ್ತಿದಾಗ ಅದರೊಳಗೆ ಕರಡಿಮರಿಯೊಂದು ಬೆಚ್ಚಗೆ ಮಲಗಿತ್ತು. ಮರಿ ಕಣ್ಣು ಬಿಟ್ಟು ಕುಂಯ್ ಅಂತು. ತಾಯಿ ಬಂಡೆಯ ಹಿಂದೆಯೇ ಇತ್ತು. ಅದು ಅವಳ ಬಲಭುಜದಿಂದ ಮೊಣಕೈವರೆಗೆ ಒಂದೇ ಸಲ ಉಗುರು ಎಳೆಯಿತು, ಬಲಗಿವಿಯ ಅರ್ಧ ಕಿತ್ತಿತು, ಮರಿ ಬೆನ್ನೇರಿದ ಮೇಲೆ ತನ್ನಷ್ಟಕ್ಕೆ ತಾನು ಹೊರಟುಹೋಯಿತು. ಮಾಬವ್ವ ಏಳು ಸಲ ಕೂಗಿದ್ದಳು. ಒಂದು ತಾಟೂ ಸದ್ದು ಮಾಡಲಿಲ್ಲ.

ಅವಳು ಕಿವಿಯನ್ನು ಒಂದು ಮುಷ್ಟಿ ಹತ್ತಿಯಿಂದ ಒತ್ತಿಹಿಡಿದು ತಾನೇ ಆಸ್ಪತ್ರೆಗೆ ನಡೆದಳು. ಪೇಟೆಯ ತಿರುವಿನಲ್ಲಿ ಅವಳಿಗೆ ಕೆಮ್ಮಲಾಗಲಿಲ್ಲ. ಎದುರು ಬಂದ ಯಾರೋ ಬೆಚ್ಚಿಬಿದ್ದು, "ಕೆಮ್ಮಿ ಬರಬಾರದೇನು?" ಎಂದು ಗದರಿಸಿ, ಆಮೇಲೆ ನೋಡಿದರಂತೆ.

ನಾನು ಒಂಬತ್ತಕ್ಕೆ ಆಸ್ಪತ್ರೆಗೆ ಹೋದಾಗ ಬೆಂಚಿನ ಮೇಲೆ ಕೂತಿದ್ದಳು. ಡಾಕ್ಟರು ಮೂವತ್ತೇಳು ಹೊಲಿಗೆ ಹಾಕಿದರು. ಅದಕ್ಕೆ ಮುಂಚೆ ನಾನು ಗಾಯ ತೊಳೆದೆ. ತೊಳೆಯುವಾಗ ಅವಳು ಕಣ್ಣು ಮುಚ್ಚಿಕೊಂಡು, "ನೀ ಸಿಕ್ಕಿ, ಪುಣ್ಯ" ಅಂದಳು.

ನನಗೆ ಕೇಳಿಸಿತ್ತು. ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಏಳೂವರೆಗೆ ನಾನು ಕಿಟಕಿಗೆ ಕನ್ನಡಿ ಆನಿಸಿ ಗಡ್ಡ ಮಾಡಿಕೊಳ್ಳುತ್ತಿದ್ದೆ. ಎಡಗೆನ್ನೆ ಮುಗಿದಿತ್ತು. ಮೊದಲ ಕೂಗಿಗೆ ಕೈ ನಿಂತಿತು. ಇನ್ನೇನು ತಾಟು ಬಡಿಯುತ್ತಾರೆ ಎಂದುಕೊಂಡೆ. ಎರಡನೆಯ ಕೂಗು, ಮೂರನೆಯದು. ಏಳನೆಯದಾದ ಮೇಲೆ ಸುಮ್ಮನಾಯಿತು. ಸುಮ್ಮನಾಯಿತಲ್ಲ, ಅಂದರೆ ಏನೂ ಆಗಿರಲಿಕ್ಕಿಲ್ಲ ಎಂದುಕೊಂಡು ಬಲಗೆನ್ನೆ ಬೋಳಿಸಿದೆ. ಎಲ್ಲೂ ಗಾಯವಾಗಲಿಲ್ಲ.

ಮೂರನೆಯ ದಿನ ಅವಳನ್ನು ಮನೆಗೆ ಕಳಿಸಿದರು. ಪಟ್ಟಿ ಬದಲಿಸುವುದಕ್ಕೆ ನಾನು ದಿನಾ ಕೆಲಸಕ್ಕೆ ಹೋಗುವ ಮುಂಚೆ ಅವಳ ಮನೆಗೆ ಹೋಗತೊಡಗಿದೆ. ಅದಕ್ಕೆ ಮುಂಚೆ ಆ ಮನೆಗೆ ಗಾದಿ ಹೊತ್ತವರನ್ನು ಬಿಟ್ಟು ಯಾರೂ ಹೋಗುತ್ತಿರಲಿಲ್ಲ. ಈಗ ಅಂಗಳದಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಅವಳು ಒಂದು ಮಾತು ಆಡಬೇಕಿತ್ತು, ಆ ಮಾತು ಯಾವುದಾಗಬೇಕೆಂದು ಹೇಳಲು ಊರೇ ಬಂದಿತ್ತು. ಹುಟ್ಟಿದಂದಿನಿಂದ ಯಾರೂ ಅವಳ ಅಭಿಪ್ರಾಯ ಕೇಳಿದವರಲ್ಲ. ಗಾದಿ ಎಷ್ಟು ದಪ್ಪ ಬೇಕೆಂದು ಕೂಡ ತುಂಬಿಸುವವರೇ ಹೇಳುತ್ತಿದ್ದರು.

ಮೊದಲು ಬಂದವರು ಕೊಟ್ರಗೌಡರು. ಅವರದು ಪೇಟೆಯಲ್ಲಿ ಲಾಡ್ಜು. ಕರಡಿ ನೋಡಲು ಪರಊರಿನಿಂದ ಬರುವವರು ಅಲ್ಲೇ ಇಳಿದುಕೊಳ್ಳುತ್ತಾರೆ. ಲಾಡ್ಜಿನ ಗೋಡೆಯ ಮೇಲೆ ಕರಡಿಯ ಚಿತ್ರ ಬರೆಸಿದ್ದಾರೆ, ಅದು ನಗುತ್ತಿದೆ.

"ಮಾಬವ್ವಾ, ಅವು ನಮ್ಮ ಹಿರೇರು ಇದ್ದಂಗ" ಅಂದರು ಗೌಡರು, ಸೇಬಿನ ಬುಟ್ಟಿ ಇಟ್ಟು. "ತಲಿತಲಾಂತರದಿಂದ ಕೂಡಿ ಬಾಳೇವಿ. ಒಂದು ಸಿಟ್ಟಿನಾಗ ಅದನ್ನ ಕಡಕೊಬಾರದು. ನನಗಂತೂ ಅವುಗಳ ಮ್ಯಾಲ ಭಾಳ ಜೀವ."

"ಹೌದ್ರಿ ಗೌಡ್ರ" ಅಂದಳು ಮಾಬವ್ವ. "ಅವತ್ತ ಮುಂಜಾನಿ ನನ್ನ ಕೂಗು ನಿಮಗ ಕೇಳಿಸಿತ್ತೇನ್ರಿ?"

ಗೌಡರು ಸೇಬಿನ ಬುಟ್ಟಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದರು. "ಪ್ಯಾಟ್ಯಾಗ ಹೆಂಗ ಕೇಳಿಸ್ತದವ್ವಾ? ಎರಡು ಮೈಲು."

"ಹೌದಲ್ಲ" ಅಂದಳು ಅವಳು.

ಆಮೇಲೆ ಅಕ್ಕಸಾಲಿಗ ಮೌನೇಶಾಚಾರಿ ಬಂದ. ಅವನ ಮನೆ ಊರಿನ ನಟ್ಟನಡುವೆ. ನಲವತ್ತೆಂಟು ವರ್ಷದಲ್ಲಿ ಒಂದು ಕರಡಿಯನ್ನೂ ಅವನು ಕಂಡಿಲ್ಲ. ಹಾಗಾಗಿ ಅವುಗಳ ಬಗ್ಗೆ ಅವನಿಗಿರುವ ಹೆದರಿಕೆಗೆ ತಡೆಯೇ ಇಲ್ಲ. ಹೋಗಲಿ ಅನ್ನು ಎಂದು ಕೈ ಮುಗಿದ. ಅವನನ್ನೂ ಅವಳು ಅದೇ ಕೇಳಿದಳು. ಅವನು ಪೂಜೆಗೆ ಕೂತಿದ್ದನಂತೆ, ಗಂಟೆಯ ಸದ್ದಿನಲ್ಲಿ ಕೇಳಿಸಲಿಲ್ಲವಂತೆ. ಹೊಳೆಯ ಮೇಲುಭಾಗದ ಊರಿನವರೊಬ್ಬರು ಎರಡು ಗೊನೆ ಬಾಳೆಹಣ್ಣು ಹೊತ್ತು ಬಂದರು. ನಮ್ಮ ಕರಡಿಗಳು ಹೊರಟರೆ ಮುಂದೆ ಸಿಗುವ ಗುಡ್ಡ ಅವರದು. ಅವರೊಬ್ಬರನ್ನು ಮಾತ್ರ ಅವಳು ಏನೂ ಕೇಳದೆ, ಒಂದು ಗೊನೆ ವಾಪಸು ಕೊಟ್ಟು ಕಳಿಸಿದಳು.

ಪಟ್ಟಿ ಸುತ್ತುತ್ತಾ ನಾನು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಗುಡ್ಡ ಮನೆಯಿಂದ ದೂರವಾದಷ್ಟೂ ಕರಡಿಯ ಮೇಲಿನ ಪ್ರೀತಿ ಹೆಚ್ಚುತ್ತದೆ ಎಂದು ಮೊದಲ ವಾರ ನನಗೆ ಅನ್ನಿಸಿತ್ತು. ಮೌನೇಶಾಚಾರಿ ಬಂದ ಮೇಲೆ ಆ ಲೆಕ್ಕ ಹಿಡಿಯಲಿಲ್ಲ. ಗಾಳೆವ್ವ ಬಂದ ಮೇಲಂತೂ ಪೂರ್ತಿ ಕೆಟ್ಟಿತು.

ಗಾಳೆವ್ವ ಮಾಬವ್ವನ ಪಕ್ಕದ ಮನೆಯವಳು, ಅರವತ್ತು ದಾಟಿದವಳು. ಅವಳ ಹೊಲದ ಶೇಂಗಾ ಪ್ರತಿವರ್ಷ ಕರಡಿಯ ಪಾಲಾಗುತ್ತದೆ, ಪ್ರತಿದಿನ ಸಂಜೆ ಬಾಗಿಲಲ್ಲಿ ನಿಂತು ಅವುಗಳಿಗೆ ಹೆಸರು ಹಿಡಿದು ಬೈಯುತ್ತಾಳೆ. ಹೋಗಲಿ ಅನ್ನು ಎಂದೇ ಹೇಳುತ್ತಾಳೆಂದು ನಾನು ಅಂದುಕೊಂಡಿದ್ದೆ.

"ಇರಲಿ ಬಿಡಬೇ" ಅಂದಳು. "ಅವು ಹೋದರ ನಾ ಯಾರನ್ನ ಬೈಲಿ? ಸೊಸಿನ್ನ ಬೈದರ ತವರಿಗೆ ಹೋಗ್ತಾಳ. ಇವು ಎಷ್ಟ ಬೈದರೂ ಮರದಿನ ಬರ್ತಾವ."

ಮಾಬವ್ವ ನಕ್ಕಳು. ನಕ್ಕು, ಕೇಳಿದಳು. "ಅವತ್ತ ನನ್ನ ಕೂಗು ಕೇಳಿಸಿತ್ತೇನವ್ವಾ?"

"ಇಲ್ಲಬೇ" ಅಂದಳು ಗಾಳೆವ್ವ. "ಎಮ್ಮಿ ಮೈ ತೊಳೀತಿದ್ದೆ." ಅವಳ ಎಮ್ಮೆಯನ್ನು ಕಟ್ಟುವ ಗೂಟ ಹಾಸುಬಂಡೆಯಿಂದ ಹದಿನೈದು ಹೆಜ್ಜೆ.

ಹೀಗೆ ಮೂವತ್ತು ದಿನ. ಯಾರೇ ಬರಲಿ, ಏನೇ ಹೇಳಲಿ, ಕೊನೆಗೆ ಅವಳದು ಒಂದೇ ಪ್ರಶ್ನೆ. ಒಬ್ಬರು ಸ್ನಾನದಲ್ಲಿದ್ದರು, ಒಬ್ಬರು ರೇಡಿಯೋ ಹಾಕಿದ್ದರು, ಒಬ್ಬರ ಮನೆಯಲ್ಲಿ ಮಿಕ್ಸರ್ ತಿರುಗುತ್ತಿತ್ತು. ಆ ಹೊತ್ತಿಗೆ ಕೇರಿಯಲ್ಲಿ ಕರೆಂಟ್ ಇರಲಿಲ್ಲವೆಂಬುದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಯಾರ ಮಾತನ್ನೂ ಅವಳು ತೆಗೆದುಹಾಕಲಿಲ್ಲ. "ಹೌದಲ್ಲ" ಅನ್ನುತ್ತಿದ್ದಳು, ಅಷ್ಟೆ.

ಊರಿನವರಲ್ಲಿ ನನ್ನನ್ನು ಮಾತ್ರ ಅವಳು ಕೇಳಲೇ ಇಲ್ಲ. ನಾನು ಅವಳ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದೆ, ಪ್ರಶ್ನೆ ನನ್ನ ತಲೆಯ ಮೇಲಿಂದ ಹಾದು ಎದುರಿನವರಿಗೆ ಹೋಗುತ್ತಿತ್ತು. ಒಂದೊಂದು ಸಲವೂ ನನ್ನ ಕೈ ಬಿಗಿಯಾಗಿ, ಪಟ್ಟಿ ಬಿಗಿಯಾಗುತ್ತಿತ್ತು. "ಸಡಲ ಮಾಡು ತಮ್ಮಾ" ಅನ್ನುತ್ತಿದ್ದಳು.

ಮೂವತ್ತೆಂಟನೆಯ ದಿನ ಪಟ್ಟಿಯ ಅಗತ್ಯವಿರಲಿಲ್ಲ. ಭುಜದ ಹಕ್ಕಳೆಯೆಲ್ಲ ಉದುರಿ, ಮೊಣಕೈ ಹತ್ತಿರ ಹುಣಸೆಬೀಜದಷ್ಟು ಉಳಿದಿತ್ತು. ಕೈ ಮಾತ್ರ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ದಬ್ಬಣ ಎಳೆಯಬೇಕಾದರೆ ಕೈ ತಲೆಯ ಮೇಲಕ್ಕೆ ಹೋಗಬೇಕು. ಅದು ಇನ್ನು ಆಗುವುದಿಲ್ಲವೆಂದು ಡಾಕ್ಟರು ನನಗೆ ಹೇಳಿದ್ದರು, ನಾನು ಅವಳಿಗೆ ಹೇಳಿರಲಿಲ್ಲ. ಅವಳೇ ಕಂಡುಕೊಂಡಿದ್ದಳು. ಅವತ್ತು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ.

"ಮಾಬಕ್ಕಾ, ನೀ ನನ್ನ ಕೇಳ್ಲೇ ಇಲ್ಲಲ್ಲ."

"ಏನ?"

"ಅವತ್ತ ಕೇಳಿಸ್ತೇನು ಅಂತ."

"ನಿನ್ನ ಯಾಕ ಕೇಳ್ಲಿ? ನೀ ದವಾಖಾನ್ಯಾಗ ಇದ್ದಿ."

"ಏಳೂವರಿಗೆ ಎಲ್ಲಿ ದವಾಖಾನಿ? ಮನ್ಯಾಗ ಇದ್ದೆ. ಗಡ್ಡ ಮಾಡ್ಕೊಳ್ತಿದ್ದೆ. ಕೇಳಿಸ್ತು."

ಅವಳು ಕೈ ಎಳೆದುಕೊಳ್ಳಲಿಲ್ಲ. ನಾನು ಎಣ್ಣೆ ಹಚ್ಚುವುದನ್ನು ನಿಲ್ಲಿಸಲೂ ಇಲ್ಲ, ನಿಲ್ಲಿಸಿದರೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಎಷ್ಟ ಸಲ ಕೇಳಿಸ್ತು?"

"ಏಳು."

"ಎಣಿಸೀದಿ."

"ಹೂಂ."

"ಮತ್ತ?"

"ತಾಟಿನ ಸಪ್ಪಳಕ್ಕ ಕಾದೆ." ಆಡುವಾಗಲೇ ನನಗೆ ಅದು ಹೊಳೆಯಿತು. "ಮೊದಲ್ನೇ ತಾಟಿಗೆ. ಅದು ಯಾವಾಗ್ಲೂ ನಿಂದ ಇರ್ತಿತ್ತಲ್ಲಕ್ಕಾ. ನಿನ್ನ ತಾಟು ಕೇಳಿದ ಮ್ಯಾಲ ನಾವು."

ಮಾಬವ್ವ ನನ್ನ ಮುಖ ನೋಡಿದಳು. ಆಮೇಲೆ ನಗಲಾರಂಭಿಸಿದಳು. ಮೈ ಕುಲುಕಿ ನಕ್ಕಳು, ಭುಜ ನೋಯಿತೆಂದು ನಿಲ್ಲಿಸಿ, ತಡೆಯಲಾರದೆ ಮತ್ತೆ ನಕ್ಕಳು. ಕಣ್ಣೊರೆಸಿಕೊಂಡು, "ಒಂದು ಕೈಯಾಗ ಕರಡಿ ಹಿಡಕೊಂಡು ಇನ್ನೊಂದು ಕೈಲೆ ತಾಟು ಬಡಿಬೇಕಿತ್ತೇನೋ" ಅಂದಳು. ನಾನು ನಗಲಿಲ್ಲ.

ನಗು ನಿಂತ ಮೇಲೆ, ತನಗೆ ತಾನೇ ಹೇಳಿಕೊಳ್ಳುವಂತೆ, "ಆ ಮರಿ ಒಂದ ಸಲ ಕುಂಯ್ ಅಂತು" ಅಂದಳು. "ಒಂದ ಸಲ. ಅಷ್ಟಕ್ಕ ಬಂತು ಅವರವ್ವ."

ಎಣ್ಣೆಯ ಬಟ್ಟಲನ್ನು ನಾನು ತೆಗೆದಿಟ್ಟೆ.

"ನಾಳಿ ಬರಬ್ಯಾಡ" ಅಂದಳು. "ಗಾಯ ಒಣಗೇತಿ. ನಾಳಿ ಹೇಳಿಬಿಡ್ತೀನಿ. ಊರಿಗೆ ತಿಳಸು."

ಮರುದಿನ ಹತ್ತು ಗಂಟೆಗೆ ಹಾಸುಬಂಡೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಕೊಟ್ರಗೌಡರು ಶಾಮಿಯಾನ ಹಾಕಿಸಿದ್ದರು. ಮೌನೇಶಾಚಾರಿ ಜೀವನದಲ್ಲಿ ಮೊದಲ ಬಾರಿಗೆ ಬಂಡೆಕೇರಿಗೆ ಬಂದು, ಗುಡ್ಡದ ಕಡೆ ಬೆನ್ನು ಮಾಡಿ ನಿಂತಿದ್ದ. ಮೇಲುಭಾಗದ ಊರಿನವರು ಈ ಸಲ ಬರಿಗೈಯಲ್ಲಿ ಬಂದಿದ್ದರು. ಮಾಬವ್ವ ತೊಳೆದ ಸೀರೆಯುಟ್ಟು ಬಂದಳು, ಬಂಡೆಯ ಮೇಲೆ ಹತ್ತಿ ಗುಡ್ಡಕ್ಕೆ ಮುಖ ಮಾಡಿದಳು. ಅಲ್ಲಿ ಯಾವ ಕರಡಿಯೂ ಕಾಣಲಿಲ್ಲ. ಆ ಹೊತ್ತಿನಲ್ಲಿ ಅವು ಮಲಗಿರುತ್ತವೆ.

"ಇರಲಿ" ಅಂದಳು. ಯಾರೋ ಪಾತ್ರೆ ಎತ್ತಿಡಲು ಬಂದಾಗ ಅಲ್ಲೇ ಇರಲಿ ಬಿಡು ಅನ್ನುವ ದನಿಯಲ್ಲಿ ಅಂದಳು.

ಹಲವರು ಉಸಿರು ಬಿಟ್ಟರು, ಕೆಲವರು ಚಪ್ಪಾಳೆ ತಟ್ಟಿದರು, ಮೌನೇಶಾಚಾರಿ ಅಲ್ಲೇ ಕುಸಿದು ಕೂತ. ಗೌಡರು ಹಾರ ಹಿಡಿದು ಬಂಡೆ ಹತ್ತತೊಡಗಿದರು. ಅಷ್ಟರಲ್ಲಿ ಅವಳು ನಮ್ಮ ಕಡೆ ತಿರುಗಿದಳು. ಗುಡ್ಡಕ್ಕೆ ಹೇಳಿಯಾದ ಮೇಲೆ ಊರಿಗೆ ಮುಖ ಮಾಡಿ ಏನಾದರೂ ಹೇಳುವ ಪದ್ಧತಿ ನಮ್ಮಲ್ಲಿಲ್ಲ.

"ನಾ ಹೋಗ್ತೀನಿ" ಅಂದಳು.

"ಎಲ್ಲಿಗೆ?" ಅಂದರು ಗೌಡರು, ಹಾರ ಕೈಯಲ್ಲೇ ಇತ್ತು.

"ಹೊಳಿ ಆಚೆಗ್ರಿ. ತಂಗಿ ಮಗಳ ಮನಿಗೆ."

"ಇದೇನವ್ವಾ ಇದು! ಕರಡಿ ಇರಲಿ ಅಂದು ನೀನ ಹೋದರ ಹೆಂಗ?"

"ಕರಡಿ ಜೋಡಿ ಇರಬಹುದು ಗೌಡ್ರ" ಅಂದಳು ಮಾಬವ್ವ. "ಇದ್ದೆನಲ್ಲ, ಐವತ್ತು ವರ್ಷ." ಒಬ್ಬೊಬ್ಬರ ಮುಖವನ್ನೂ ನಿಧಾನಕ್ಕೆ ನೋಡಿ ಬಂಡೆಯಿಂದಿಳಿದಳು. ಅವಳು ನೋಡುವಾಗ ಕೇರಿಯವರೆಲ್ಲ ಕಾಲಬೆರಳು ನೋಡಿಕೊಂಡೆವು.

ಅವಳ ಸಾಮಾನು ಒಂದು ತಳ್ಳುಗಾಡಿಯಷ್ಟೂ ಇರಲಿಲ್ಲ. ಹತ್ತಿ ಹಿಂಜುವ ಬಿಲ್ಲನ್ನು ನಾನು ಹೊತ್ತೆ. ಅವಳು ಬೇಡ ಅನ್ನಲಿಲ್ಲ, ಹೊಳೆಯವರೆಗೂ ಮುಂದೆ ಮುಂದೆ ನಡೆದಳು. ಹರಿಗೋಲಿನವನು, "ಯಾಕಬೇ, ಕರಡಿಕಾಟ ತಾಳಲಾರದ ಹೊಂಟಿಯೇನು?" ಎಂದು ಕೇಳಿದ. "ಇಲ್ಲಪ್ಪಾ" ಎಂದಷ್ಟೇ ಹೇಳಿ ಅವಳು ಹರಿಗೋಲಿನ ನಡುವೆ ಕೂತಳು. ನಾನು ಬಿಲ್ಲು ಕೊಟ್ಟು ದಡದಲ್ಲಿ ನಿಂತೆ. ನೀರು ಕಡಿಮೆಯಿದ್ದುದರಿಂದ ದಾಟುವುದಕ್ಕೆ ಬಹಳ ಹೊತ್ತೇನೂ ಹಿಡಿಯಲಿಲ್ಲ.

ವಾರದೊಳಗೆ ಊರಿನಲ್ಲಿ ಒಂದು ಮಾತು ನೆಲೆಯಾಯಿತು. ಪಾಪ ಮಾಬವ್ವ, ದೊಡ್ಡ ಮನಸ್ಸು, ಇರಲಿ ಅಂದಳು, ಆದರೆ ಎದೆಯೊಳಗೆ ಹೆದರಿಕೆ ಹೊಕ್ಕಿತ್ತು, ಕರಡಿಗೆ ಹೆದರಿ ಹೊಳೆಯಾಚೆ ಹೋದಳು. ಲಾಡ್ಜಿನಲ್ಲಿ ಇಳಿದವರಿಗೂ ಇದನ್ನೇ ಹೇಳುತ್ತಿದ್ದರು. ಅವರು ಹಾಸುಬಂಡೆಯನ್ನು ನೋಡಲು ಬರತೊಡಗಿದರು. ಒಬ್ಬ ಹೆಂಗಸು ಅದರ ಮೇಲೆ ಹೂವಿಟ್ಟು ಹೋದಳು. ಸಂಜೆ ಕರಡಿ ಬಂದು ಹೂವು ತಿಂದಿತು.

ನಾನು ಹದಿನೈದು ದಿನ ಆ ಮಾತು ಕೇಳಿದೆ. ಹದಿನಾರನೆಯ ದಿನ ಬೆಳಗ್ಗೆ ಫಕ್ಕೀರೇಶಿಯ ಚಹಾದಂಗಡಿಯಲ್ಲಿ ಕೂತಿದ್ದೆ. ಅಂಗಡಿ ಬಂಡೆಕೇರಿಯ ಬಾಯಲ್ಲೇ ಇದೆ. ಆರೇಳು ಜನರಿದ್ದರು. ಫಕ್ಕೀರೇಶಿ ಯಾರಿಗೋ ಚಹಾ ಕೊಡುತ್ತಾ, "ಕರಡಿ ಹೆದರಿಕಿ ಅಂದ್ರ ಹಂಗ ನೋಡ್ರಿ, ಒಳಗ ಕೂತುಬಿಡ್ತದ" ಅಂದ.

"ಹೆದರಿಕಿ ಅಲ್ಲದು" ಅಂದೆ. ಕಪ್ಪು ಕೆಳಗಿಟ್ಟೆ. "ಅವತ್ತ ಏಳೂವರಿಗೆ ನಾ ಗಡ್ಡ ಮಾಡ್ಕೊಳ್ತಿದ್ದೆ. ಏಳು ಸಲ ಕೂಗಿದಳು. ಕೇಳಿಸ್ತು ನನಗ. ಏಳೂ ಕೇಳಿಸ್ತು. ಹೋಗಲಿಲ್ಲ."

ಒಲೆ ಮಾತ್ರ ಭರ್ ಎನ್ನುತ್ತಿತ್ತು. ಫಕ್ಕೀರೇಶಿ ಅದನ್ನು ಆರಿಸಿದ. ಮತ್ತೆ ಹಚ್ಚಲು ಹೋಗಿ ಕಡ್ಡಿಪೆಟ್ಟಿಗೆ ಕೆಳಗೆ ಹಾಕಿದ. "ನನಗೂ ಕೇಳಿಸಿತ್ತು" ಅಂದ, ಬಗ್ಗಿ ಚೆಲ್ಲಿದ ಕಡ್ಡಿ ಹೆಕ್ಕುತ್ತಾ. "ಹಾಲು ಇಟ್ಟಿದ್ದೆ. ಉಕ್ಕಿಬಿಡ್ತದ ಅಂತ…"

ಮನೆಗೆ ಹೋಗಿ ಹೆಂಡತಿ ಬಸಲಿಂಗವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನನಗೂ ಕೇಳಿಸಿತ್ತು" ಅಂದಳು. "ನಿಮಗ ಕೇಳಿಸಿಲ್ಲ ಅನಕೊಂಡಿದ್ದೆ. ನೀವು ಗಡ್ಡ ಮಾಡ್ಕೊಳ್ಳೋದು ಬಿಟ್ಟು ಏಳಲಿಲ್ಲಲ್ಲ, ಅದಕ್ಕ ಏನಿಲ್ಲ ಬಿಡು ಅನಕೊಂಡೆ."

ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದವರು ನಾವು.

ಆಮೇಲೆ ಅದು ತಾನಾಗಿ ಹರಡಿತು. ಒಬ್ಬರು ಹೇಳಿದರು, ಅದನ್ನು ಕೇಳಿ ಪಕ್ಕದವರು. ಮಿಕ್ಸರಿನವರು ಕರೆಂಟ್ ಇರಲಿಲ್ಲವೆಂದು ತಾವೇ ಬಂದು ಒಪ್ಪಿಕೊಂಡರು. ಶನಿವಾರದ ಹೊತ್ತಿಗೆ, ಮೂವತ್ತು ಮನೆಗಳಲ್ಲಿ ಅವತ್ತು ನಿಜವಾಗಿಯೂ ಕೇಳಿಸದೇ ಇದ್ದವರು ಇಬ್ಬರೇ ಎಂದು ಗೊತ್ತಾಯಿತು. ಒಬ್ಬ ಹುಟ್ಟುಕಿವುಡ ಹೊನ್ನೂರಪ್ಪ. ಇನ್ನೊಬ್ಬಳು ಗಾಳೆವ್ವನ ಸೊಸೆ, ಅವಳು ಆ ವಾರ ತವರ ಮನೆಯಲ್ಲಿದ್ದಳು. ಹೊನ್ನೂರಪ್ಪ ತನಗೆ ಕೇಳಿಸಿರಲಿಲ್ಲವೆಂದು ಕೈಸನ್ನೆ ಮಾಡಿ ತೋರಿಸಿ ತೋರಿಸಿ ಅತ್ತ. ಅವನಿಗೇ ಎಲ್ಲರಿಗಿಂತ ಹೆಚ್ಚು ಅಳು ಬಂತು.

ಭಾನುವಾರ ನಾವು ಹದಿನೇಳು ಜನ ಹೊಳೆ ದಾಟಿದೆವು. ಹರಿಗೋಲು ಮೂರು ಸಲ ತಿರುಗಬೇಕಾಯಿತು. ಆಚೆಯ ಊರಿನ ಓಣಿಯಲ್ಲಿ ನಾವು ಪ್ರತಿ ತಿರುವಿಗೂ ಕೆಮ್ಮುತ್ತಾ ಹೋದದ್ದನ್ನು ಅಲ್ಲಿಯವರು ಬಾಗಿಲಿಗೆ ಬಂದು ನೋಡಿದರು. ಮಾಬವ್ವ ತಂಗಿಯ ಮಗಳ ಮನೆಯ ಮುಂದೆ ಕಲ್ಲಿನ ಮೇಲೆ ಕೂತಿದ್ದಳು. ಆ ಹುಡುಗಿ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದಳು. ಮಾಬವ್ವ ಎಡಗೈಯಿಂದ, ಹಾಗಲ್ಲ, ಹೀಗೆ ಎಂದು ತೋರಿಸುತ್ತಿದ್ದಳು. ನಮ್ಮನ್ನು ನೋಡಿ ಹುಡುಗಿ ನಿಲ್ಲಿಸಿದಳು.

ನಮಗೆ ಏನು ಹೇಳಬೇಕೆಂದು ಮೊದಲೇ ಮಾತಾಡಿಕೊಂಡಿರಲಿಲ್ಲ. ಗಾಳೆವ್ವ ಮುಂದೆ ಹೋದಳು. "ಎಮ್ಮಿ ತೊಳೀತಿರಲಿಲ್ಲಬೇ ನಾ" ಅಂದಳು. "ಗ್ವಾಡಿ ಹಿಂದ ನಿಂತು ನೋಡಿದೆ. ಕಾಲು ಏಳಲಿಲ್ಲ." ಆಮೇಲೆ ಫಕ್ಕೀರೇಶಿ ಹಾಲಿನ ವಿಷಯ ಹೇಳಿದ. ಒಬ್ಬಳು ಮಗಳಿಗೆ ಜಡೆ ಹಾಕುತ್ತಿದ್ದಳು, ಅರ್ಧಕ್ಕೆ ಬಿಟ್ಟು ಬಾಗಿಲು ಹಾಕಿಕೊಂಡಿದ್ದಳು. ಒಬ್ಬ ಕೋಲು ಹಿಡಿದು ಹೊಸಲಿನವರೆಗೆ ಬಂದು, ಓಣಿಯಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿ ಒಳಗೆ ಹೋಗಿದ್ದ. ಬಸಲಿಂಗವ್ವ ನನ್ನ ವಿಷಯ ಹೇಳಲಿಲ್ಲ, ತನ್ನದನ್ನಷ್ಟೇ ಹೇಳಿದಳು. ಕ್ಷಮಿಸು ಎಂದು ಒಬ್ಬರೂ ಅನ್ನಲಿಲ್ಲ. ಅದು ಯಾರಿಗೂ ನೆನಪಾಗಲಿಲ್ಲ. ಅವರವರು ಆ ಹೊತ್ತಿಗೆ ಏನು ಮಾಡುತ್ತಿದ್ದರೋ ಅದನ್ನು ಹೇಳಿ ಪಕ್ಕಕ್ಕೆ ಸರಿದು ನಿಂತರು. ಹದಿನೇಳು ಜನರದು ಮುಗಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು.

ಮಾಬವ್ವ ಯಾರನ್ನೂ ನಡುವೆ ತಡೆಯಲಿಲ್ಲ, ಹೌದಲ್ಲ ಎಂದೂ ಅನ್ನಲಿಲ್ಲ. ಎಲ್ಲರದೂ ಆದ ಮೇಲೆ, ಅರ್ಧ ಉಳಿದಿದ್ದ ಬಲಗಿವಿಯ ಹಿಂದೆ ಸೆರಗು ಸಿಕ್ಕಿಸಿಕೊಂಡಳು.

"ಕೇಳಿಸ್ತು" ಅಂದಳು.

ಫಕ್ಕೀರೇಶಿ ಗಂಟಲು ಸರಿಮಾಡಿಕೊಂಡು, "ಮತ್ತ ಊರಿಗೆ…" ಎಂದು ಶುರು ಮಾಡಿದ. ಅವಳು ಅವನ ಕಡೆ ನೋಡಲಿಲ್ಲ. ಎಡಗೈ ಊರಿ ನಿಧಾನಕ್ಕೆ ಎದ್ದಳು, ಸೀರೆಗೆ ಹತ್ತಿದ ಅರಳೆ ಕೊಡವಿಕೊಂಡಳು, ಒಳಗೆ ಹೋದಳು. ನಾವು ಅಂಗಳದಲ್ಲೇ ನಿಂತೆವು. ಹರಿಗೋಲಿನವನು ಹೊಳೆಯ ಕಡೆಯಿಂದ ಒಂದು ಸಲ ಕರೆದ, ಇನ್ನೊಂದು ಸಲ ಕರೆದ. ಒಳಗೆ ಪಾತ್ರೆಯ ಸದ್ದು, ನೀರು ಸುರಿಯುವ ಸದ್ದು ಬರುತ್ತಿತ್ತು. ಅವಳು ನಮ್ಮನ್ನು ಒಳಗೆ ಬನ್ನಿ ಅನ್ನಲಿಲ್ಲ. ಬಾಗಿಲು ಹಾಕಿಕೊಳ್ಳಲೂ ಇಲ್ಲ.